ಮಳೆಗಾಲದ ಮನೆಗೆ ಹಳೆ ಥಿಂಕ್‌ಪ್ಯಾಡ್ ಎಕ್ಸ್220, ಜೊತೆಗೆ ಲಿನಕ್ಸ್ ಮಿಂಟ್

ಮೊದಲು ತೀರ್ಪು, ಆಮೇಲೆ ಪುರಾಣ. ತೋಟದ ಲೆಕ್ಕ ಬರೆಯೋಕೆ, ಕನ್ನಡ ಟೈಪ್ ಮಾಡೋಕೆ, ಪಹಣಿ ನೋಡೋಕೆ, ಸಂಜೆ ಒಂದೆರಡು ವಿಡಿಯೋ ಹಾಕೋಕೆ ಒಂದು ಲ್ಯಾಪ್‌ಟಾಪ್ ಬೇಕು ಅನ್ನುವವರು, ಹೊಸದಾಗಿ ಸಿಗುವ ಅತಿ ಅಗ್ಗದ ಪ್ಲಾಸ್ಟಿಕ್ ಲ್ಯಾಪ್‌ಟಾಪ್‌ಗೆ ದುಡ್ಡು ಸುರಿಯುವ ಬದಲು ಹಳೆ ಥಿಂಕ್‌ಪ್ಯಾಡ್ ಎಕ್ಸ್220 ಒಂದನ್ನು ಹುಡುಕಿ, ಅದಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ. ವಿಂಡೋಸ್‌ಗೆಂದೇ ಮಾಡಿದ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಬೇಕೇ ಬೇಕು ಅನ್ನುವವರು ಇಲ್ಲೇ ಓದು ನಿಲ್ಲಿಸಬಹುದು. ನಿಮಗೆ ಇದು ಆಗಲ್ಲ.

ನಾನಿರುವುದು ಕೊಡಗಿನ ಸುಂಟಿಕೊಪ್ಪದಿಂದ ಒಳಗೆ, ಕಾಫಿ ತೋಟದ ಮನೆ. ಭಾಗಮಂಡಲದವರ ಮಳೆಯ ಮುಂದೆ ನಮ್ಮದು ಏನೂ ಅಲ್ಲ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆಕ್ಟ್ರಾನಿಕ್ ಸಾಮಾನು ಇಟ್ಟುಕೊಳ್ಳುವ ಕಷ್ಟ ಇಲ್ಲಿದ್ದವರಿಗೇ ಗೊತ್ತು. ಹಾಗಾಗಿ ಈ ರಿವ್ಯೂ ಬೆಂಗಳೂರಿನ ಎಸಿ ರೂಮಿನಲ್ಲಿ ಕೂತು ಬೆಂಚ್‌ಮಾರ್ಕ್ ಓಡಿಸುವವರ ರಿವ್ಯೂ ತರ ಇರಲ್ಲ.

ಎಕ್ಸ್220 ಬಂದಿದ್ದು 2011ರಲ್ಲಿ. 12.5 ಇಂಚಿನ ಪರದೆ, ಇಂಟೆಲ್‌ನ ಎರಡನೇ ತಲೆಮಾರಿನ ಕೋರ್ ಐ5. ಆ ಕಾಲದಲ್ಲಿ ದೊಡ್ಡ ಕಂಪನಿಗಳು ಇಂಥವನ್ನು ರಾಶಿ ರಾಶಿ ತಗೊಂಡು, ಕೆಲವು ವರ್ಷ ಬಳಸಿ ಹೊರಗೆ ಹಾಕಿದವು. ಆ ಮಾಲು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹುಡುಕಿದರೆ ಇವತ್ತಿಗೂ ಸಿಗುತ್ತದೆ. ನನ್ನದೂ ಅಲ್ಲಿಂದಲೇ ಬಂದಿದ್ದು, ಹತ್ತು ಸಾವಿರದ ಒಳಗೆ. ಒಳಗಿದ್ದ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದೆ, ರ‍್ಯಾಮ್ 8 ಜಿಬಿ ಮಾಡಿದೆ. ಕಂಪನಿಯ ಕಾಗದದಲ್ಲಿ 8 ಜಿಬಿಯೇ ಕೊನೆ, ಆದರೆ 8ರದ್ದು ಎರಡು ಸಿಕ್ಕಿಸಿದರೆ 16 ಕೂಡ ಓಡುತ್ತದೆ. ನನಗೆ ಅಷ್ಟು ಬೇಕಾಗಿಲ್ಲ. ಡಿಸ್ಕ್ ಬದಲಾಯಿಸೋಕೆ ಪಕ್ಕದಲ್ಲಿರುವ ಒಂದೇ ಸ್ಕ್ರೂ ಬಿಚ್ಚಿದರೆ ಸಾಕು. ರ‍್ಯಾಮ್‌ಗೆ ಅಡಿಯಲ್ಲಿ ಒಂದು ಸಣ್ಣ ಮುಚ್ಚಳ. ಎಲ್ಲವನ್ನೂ ಬೋರ್ಡಿಗೇ ಬೆಸುಗೆ ಹಾಕಿ ಕೊಡುವ ಈಗಿನ ಲ್ಯಾಪ್‌ಟಾಪ್ ಬಿಚ್ಚಿ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಇಲ್ಲಿ ಸರ್ವಿಸ್ ಸೆಂಟರ್ ಅಂದರೆ ಮೈಸೂರಿನವರೆಗೆ ಒಂದು ದಿನದ ಓಡಾಟ ಅಲ್ವಾ.

ಕೀಬೋರ್ಡ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರಾದರೆ ಮುಂದಕ್ಕೆ ಹೋಗಿ. ಥಿಂಕ್‌ಪ್ಯಾಡ್ ಅನ್ನೋದು 1992ರಲ್ಲಿ ಐಬಿಎಂ ಶುರು ಮಾಡಿದ್ದು, 2005ರಲ್ಲಿ ಲೆನೊವೊ ಕೈಗೆ ಬಂತು. ಹಳೆಯ ಏಳು ಸಾಲಿನ ಕೀಬೋರ್ಡ್ ಥಿಂಕ್‌ಪ್ಯಾಡ್‌ನ ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಉಳಿದ ಕೊನೆಯ ಮಾಡೆಲ್ ಎಕ್ಸ್220. ಮರುವರ್ಷ ಬಂದ ಎಕ್ಸ್230ರಲ್ಲಿ ಬಿಡಿಬಿಡಿಯಾದ ಚಪ್ಪಟೆ ಕೀಗಳು ಬಂದವು. ಅದೂ ಕೆಟ್ಟದ್ದಲ್ಲ, ಬೇಕಾದಷ್ಟು ಜನ ಅದನ್ನೇ ಮೆಚ್ಚುತ್ತಾರೆ. ಆದರೆ ಹಳೆಯದರಲ್ಲಿ ಕೀ ಒಂದೊಂದೂ ನಡುವೆ ಕೊಂಚ ತಗ್ಗಾಗಿರುತ್ತದೆ, ಬೆರಳು ತಾನಾಗಿ ಅಲ್ಲಿಗೆ ಹೋಗಿ ಕೂರುತ್ತದೆ. ಒತ್ತಿದರೆ ಒತ್ತಿದ ಹಾಗೆ ಅನಿಸುತ್ತದೆ. ಎಸ್ಕೇಪ್ ಮತ್ತು ಡಿಲೀಟ್ ಎರಡು ಸಾಲಿನಷ್ಟು ಎತ್ತರ. ನಡುವೆ ಕೆಂಪು ಗುಂಡಿ, ಅದೇ ಮೌಸ್. ಟಚ್‌ಪ್ಯಾಡ್ ಸಣ್ಣದು, ಒರಟು, ಸುಮ್ನೆ ಆಫ್ ಮಾಡಿಬಿಡಿ. ಕೆಂಪು ಗುಂಡಿ ಕೈಗೆ ಹತ್ತೋಕೆ ಸ್ವಲ್ಪ ಸಮಯ ಬೇಕು. ಹತ್ತಿದ ಮೇಲೆ ಬೇರೆಯವರ ಲ್ಯಾಪ್‌ಟಾಪ್‌ನಲ್ಲೂ ಜಿ ಮತ್ತು ಎಚ್ ನಡುವೆ ಬೆರಳು ತಡಕಾಡುತ್ತೆ.

ಇನ್ನು ಆ ಪುಟ್ಟ ದೀಪ. ಪರದೆಯ ಮೇಲಂಚಿನಲ್ಲಿ ಒಂದು ಸಣ್ಣ ಎಲ್‌ಇಡಿ ಇದೆ, ಕೀಬೋರ್ಡ್ ಮೇಲೆ ಬೆಳಕು ಚೆಲ್ಲುತ್ತದೆ. ಅದನ್ನು ಹಾಕೋಕೆ ಎಫ್‌ಎನ್ ಮತ್ತು ಪೇಜ್ ಅಪ್ ಒಟ್ಟಿಗೆ ಒತ್ತಬೇಕು. ಒಂದು ಕೀ ಎಡಗಡೆ ಕೆಳಮೂಲೆಯಲ್ಲಿ, ಇನ್ನೊಂದು ಬಲಗಡೆ ಮೇಲ್ಭಾಗದಲ್ಲಿ. ಕತ್ತಲಲ್ಲಿ ಕಣ್ಣಿಗೆ ಏನೂ ಕಾಣದಿದ್ದರೂ ಎರಡು ಮೂಲೆ ಮುಟ್ಟಿ ನೋಡಿದರೆ ಸಿಗುತ್ತದೆ. ಇದನ್ನು ಯೋಚನೆ ಮಾಡಿದ ಪುಣ್ಯಾತ್ಮ ಕರೆಂಟ್ ಹೋಗುವ ಊರಲ್ಲೇ ಇದ್ದಿರಬೇಕು ಅಂತ ನನಗೆ ಅನಿಸುತ್ತಿರುತ್ತದೆ. ಕಕ್ಕಡದ (ನಮ್ಮ ಕಡೆಯ ಆಟಿ ತಿಂಗಳ) ಮಳೆಯಲ್ಲಿ ಎಲ್ಲೋ ಒಂದು ಸಿಲ್ವರ್ ಓಕ್ ಲೈನ್ ಮೇಲೆ ಬಿತ್ತು ಅಂದರೆ ನಮ್ಮ ಕಡೆ ಕರೆಂಟ್ ಯಾವಾಗ ಬರುತ್ತದೆ ಅಂತ ಯಾರೂ ಹೇಳಲ್ಲ. ಲೈನ್‌ಮನ್‌ಗಳನ್ನು ಬೈದು ಪ್ರಯೋಜನವೂ ಇಲ್ಲ, ಆ ಮಳೆಯಲ್ಲಿ ಕಂಬ ಹತ್ತೋರು ಅವರೇ. ಇನ್ವರ್ಟರ್ ಮೊದಲ ರಾತ್ರಿ ಕಳೆಸುತ್ತದೆ. ಆಮೇಲೆ ಬ್ಯಾಟರಿಯೇ ಗತಿ.

ಬ್ಯಾಟರಿ ವಿಷಯದಲ್ಲಿ ಎಕ್ಸ್220 ನಿಜಕ್ಕೂ ಗೆಲ್ಲುತ್ತದೆ, ಅಲ್ಲೇ ಮೋಸ ಹೋಗುವ ದಾರಿಯೂ ಇದೆ. ಗೆಲ್ಲೋದು ಹೇಗೆ ಅಂದರೆ, ಹಿಂದಿನಿಂದ ಲಾಚ್ ಎಳೆದರೆ ಬ್ಯಾಟರಿ ಕೈಗೆ ಬರುತ್ತದೆ. ಒಂದು ಮುಗಿದರೆ ಇನ್ನೊಂದು ಸಿಕ್ಕಿಸಿ. 6 ಸೆಲ್‌ನದ್ದು ಮೈಗೆ ಸಮ ಇರುತ್ತದೆ, 9 ಸೆಲ್‌ನದ್ದು ಹಿಂದಕ್ಕೆ ಚಾಚಿಕೊಂಡಿರುತ್ತದೆ. ನನ್ನ ಹತ್ತಿರ ಎರಡೂ ಇವೆ. ಕರೆಂಟ್ ಇದ್ದಾಗ ಎರಡನ್ನೂ ತುಂಬಿಸಿ ಇಟ್ಟರೆ ಲೆಕ್ಕ ಬರೆಯುವ ಕೆಲಸಕ್ಕೆ ಒಂದು ಹಗಲು ಆರಾಮ. ಮೋಸ ಏನೆಂದರೆ, ಇಷ್ಟು ಹಳೆಯ ಮಾಡೆಲ್‌ಗೆ ಮಾರ್ಕೆಟ್‌ನಲ್ಲಿ ಸಿಗೋದರಲ್ಲಿ ಬಹುಪಾಲು ಡೂಪ್ಲಿಕೇಟ್ ಬ್ಯಾಟರಿ. ನನಗೆ ಒಂದು ಅಂಗಡಿಯವರು ಒರಿಜಿನಲ್ ಅಂತ ಸ್ಟಿಕರ್ ತೋರಿಸಿ ಕೊಟ್ಟ 9 ಸೆಲ್ ಒಂದೇ ಮಳೆಗಾಲಕ್ಕೆ ಸುಸ್ತಾಯಿತು. 40 ಪರ್ಸೆಂಟ್ ತೋರಿಸುತ್ತಿದ್ದ ಹಾಗೆಯೇ ಮೆಷಿನ್ ದಡಾರನೆ ಆಫ್. ಫೋನ್ ಮಾಡಿದರೆ ಬ್ಯಾಟರಿಗೆ ವಾರಂಟಿ ಇಲ್ಲ ಸಾರ್ ಅಂದರು, ಬಿಲ್ಲಿನಲ್ಲಿ ಬೇರೆಯೇ ಬರೆದಿತ್ತು. ಆಮೇಲೆ ಬೇರೆ ಕಡೆ ಸ್ವಲ್ಪ ಜಾಸ್ತಿ ಕೊಟ್ಟು ತಗೊಂಡಿದ್ದು ಇನ್ನೂ ಚೆನ್ನಾಗಿದೆ.

ಲಿನಕ್ಸ್‌ನಲ್ಲಿ ಟಿಎಲ್‌ಪಿ ಅಂತ ಒಂದು ಪ್ರೋಗ್ರಾಂ ಇದೆ. ಚಾರ್ಜ್ 80ಕ್ಕೆ ನಿಲ್ಲಲಿ ಅಂತ ಹೇಳಿಟ್ಟರೆ ಥಿಂಕ್‌ಪ್ಯಾಡ್ ಕೇಳುತ್ತದೆ, ಬ್ಯಾಟರಿ ಬಾಳಿಕೆ ಬರುತ್ತದೆ. ಬೇಸಿಗೆಯಲ್ಲಿ ನಾನು 80ಕ್ಕೆ ಇಟ್ಟಿರುತ್ತೇನೆ. ಜೂನ್ ಬಂತೆಂದರೆ 100. ಬಾಳಿಕೆ ಆಮೇಲೆ ನೋಡಿಕೊಳ್ಳೋಣ, ಮೊದಲು ಇವತ್ತು ರಾತ್ರಿ ಓಡಬೇಕು. ಇನ್ನೊಂದು ಉಪಾಯ: ಟೈಪ್ ಸಿ ಪವರ್ ಬ್ಯಾಂಕ್‌ನಿಂದ 20 ವೋಲ್ಟ್ ತೆಗೆದು ಹಳೆ ಥಿಂಕ್‌ಪ್ಯಾಡ್‌ನ ಗುಂಡು ಪಿನ್‌ಗೆ ಕೊಡುವ ಕೇಬಲ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಪವರ್ ಬ್ಯಾಂಕ್ 65 ವ್ಯಾಟ್ ಕೊಡುವಂಥದ್ದು ಇರಬೇಕು, ಫೋನಿಗೆ ಹಾಕುವ ಸಣ್ಣದರಲ್ಲಿ ಆಗಲ್ಲ.

ಥಂಡಿಯ ವಿಷಯ. ಇಲ್ಲಿ ಬೀರುವಿನಲ್ಲಿಟ್ಟ ಬೆಲ್ಟಿಗೆ, ಚಪ್ಪಲಿಗೆ, ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಲ್ಯಾಪ್‌ಟಾಪ್ ದಿನಾ ಬಳಸಿದರೆ ಅದರ ಬಿಸಿಯೇ ಅದನ್ನು ಕಾಯುತ್ತದೆ. ಇಟ್ಟು ಮರೆತರೆ ಕಷ್ಟ. ಎಕ್ಸ್220ರ ಮುಚ್ಚಳದ ಮೇಲೆ ರಬ್ಬರ್ ತರದ ಒಂದು ಲೇಪ ಇದೆ, ಅದು ನಮ್ಮ ಹವೆಗೆ ಮೆತ್ತಗಾಗಿ ಅಂಟಂಟು ಆಗುತ್ತದೆ. ನನ್ನದರಲ್ಲಿ ಒಂದು ಮೂಲೆ ಹಾಗಾಗಿತ್ತು, ಸ್ಪಿರಿಟ್ ಹಾಕಿ ಉಜ್ಜಿ ಪೂರ್ತಿ ತೆಗೆದುಬಿಟ್ಟೆ. ಈಗ ನೋಡೋಕೆ ಚೆಂದ ಇಲ್ಲ, ಮುಟ್ಟೋಕೆ ಪರವಾಗಿಲ್ಲ. ಫ್ಯಾನ್ ಇನ್ನೊಂದು ಕಥೆ. ಕಾಫಿ ಒಣಗುವ ಕಾಲದಲ್ಲಿ ಕಣದ ಧೂಳು, ಸಿಪ್ಪೆ ಪುಡಿ ಎಲ್ಲ ಒಳಗೆ ಹೋಗಿ ಫ್ಯಾನಿನ ಬಾಯಲ್ಲಿ ಕಂಬಳಿ ಹೊದ್ದ ಹಾಗೆ ಕೂತಿರುತ್ತದೆ. ಕುಯಿಲು ಮುಗಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿ ಬ್ರಶ್ ಹೊಡೆದು, ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ಒರೆಸಿ ಹೊಸದು ಹಾಕಿದರೆ ಶಬ್ದ ಅರ್ಧಕ್ಕರ್ಧ ಕಡಿಮೆ. ಕೀಬೋರ್ಡ್ ಕೆಳಗೆ ನೀರು ಹರಿದುಹೋಗೋಕೆ ದಾರಿ ಕೊಟ್ಟಿದ್ದಾರೆ. ಅದಿದೆ ಅಂತ ಕಾಫಿ ಲೋಟ ಪಕ್ಕದಲ್ಲಿಟ್ಟು ಪರೀಕ್ಷೆ ಮಾಡಬೇಡಿ. ಏಪ್ರಿಲ್, ಮೇ ಗುಡುಗಿಗೆ ಚಾರ್ಜರ್ ಮತ್ತು ನೆಟ್ ಕೇಬಲ್ ಎರಡನ್ನೂ ಕಿತ್ತಿಡಿ, ಅದು ಹೊಸ ಲ್ಯಾಪ್‌ಟಾಪ್‌ಗೂ ಅನ್ವಯ.

ಪರದೆ ಸಾಧಾರಣ. 1366 x 768. ಐಪಿಎಸ್ ಇರುವ ಮೆಷಿನ್ ಸಿಕ್ಕಿದರೆ ಬಿಡಬೇಡಿ, ಇಲ್ಲದಿದ್ದರೆ ಓರೆಯಿಂದ ನೋಡಿದಾಗ ಬಣ್ಣ ಮಾಸುತ್ತದೆ. ಯುಎಸ್‌ಬಿ ಹೆಚ್ಚಿನ ಮಾಡೆಲ್‌ಗಳಲ್ಲಿ 2.0 ಮಾತ್ರ, ದೊಡ್ಡ ಫೈಲ್ ಕಾಪಿಗೆ ಇಟ್ಟರೆ ಕಾಫಿ ಕುಡಿದು ಬನ್ನಿ. ಸ್ಪೀಕರ್ ಬಗ್ಗೆ ಮಾತಾಡದಿರೋದೇ ಒಳ್ಳೇದು, ಹೆಂಚಿನ ಮೇಲೆ ಮಳೆ ಬೀಳುವಾಗ ಏನೂ ಕೇಳಲ್ಲ.

ಈಗ ಆಪರೇಟಿಂಗ್ ಸಿಸ್ಟಂ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಮುಂದಿನದ್ದು ಬೇಕು. ಎಕ್ಸ್220 ಎರಡರಲ್ಲೂ ಫೇಲ್. ಹೇಗಾದರೂ ಮಾಡಿ ತುರುಕುವ ದಾರಿಗಳಿವೆ, ಅದನ್ನು ನಾನು ಯಾರಿಗೂ ಹೇಳಲ್ಲ, ನಾಳೆ ಅಪ್‌ಡೇಟ್ ನಿಂತರೆ ನನ್ನನ್ನೇ ಕೇಳುತ್ತಾರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಚೆನ್ನಾಗಿ ಓಡುವ ಲ್ಯಾಪ್‌ಟಾಪ್‌ಗಳು ಇದೇ ಕಾರಣಕ್ಕೆ ಮೂಲೆಗೆ ಹೋಗುತ್ತಿವೆ. ಅದೊಂದು ಸಂಕಟ.

ಮಿಂಟ್ 22ರ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ಹಾಕಿದ್ದೇನೆ. ಉಬುಂಟು 24.04 ಅನ್ನುವ ಇನ್ನೊಂದು ಲಿನಕ್ಸ್‌ನ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಬರುತ್ತದೆ. ವೈಫೈ, ಸೌಂಡ್, ಆ ದೀಪ, ಬದಿಯ ವೈಫೈ ಸ್ವಿಚ್, ಯಾವುದಕ್ಕೂ ಡ್ರೈವರ್ ಹುಡುಕುವ ಕೆಲಸ ಬರಲಿಲ್ಲ. ಕೆಳಗೆ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ನಮ್ಮಪ್ಪ ಇದು ವಿಂಡೋಸ್ ಅಲ್ಲ ಅನ್ನೋದನ್ನು ಗಮನಿಸಲೇ ಇಲ್ಲ. ಗೊತ್ತಾದ ಮೇಲೂ ಕೇಳಿದ್ದು ಒಂದೇ ಪ್ರಶ್ನೆ, "ಇದರಲ್ಲಿ ಕಾಫಿ ರೇಟ್ ಬರುತ್ತಲ್ಲ?" ಬರುತ್ತದೆ ಅಪ್ಪ, ಬ್ರೌಸರ್ ಇದ್ದರೆ ಸಾಕು.

ಯೂಟ್ಯೂಬ್‌ಗೆ ಒಂದು ಕಿವಿಮಾತು. ಈ ಕಾಲದ ಇಂಟೆಲ್ ಚಿಪ್‌ಗೆ ಎಚ್.264 ಅನ್ನುವ ಹಳೆ ತರದ ವಿಡಿಯೋ ಬಿಡಿಸೋದು ಸಲೀಸು, ಯೂಟ್ಯೂಬ್ ಹೆಚ್ಚಾಗಿ ಕಳಿಸುವ ವಿಪಿ9 ಮತ್ತು ಎವಿ1 ಅನ್ನುವ ಹೊಸ ತರದವು ಬರಲ್ಲ. ಅದನ್ನೆಲ್ಲ ಪ್ರೊಸೆಸರ್ ಒದ್ದಾಡಿ ಬಿಡಿಸಬೇಕು, ಫ್ಯಾನ್ ಕೂಗುತ್ತದೆ, ಬ್ಯಾಟರಿ ಕರಗುತ್ತದೆ. ಬ್ರೌಸರ್‌ಗೆ ಎಚ್264ಇಫೈ ಅನ್ನುವ ಎಕ್ಸ್‌ಟೆನ್ಶನ್ ಹಾಕಿದರೆ ಯೂಟ್ಯೂಬ್ ಹಳೆ ತರದ ವಿಡಿಯೋವನ್ನೇ ಕಳಿಸುತ್ತದೆ. ಮೆಷಿನ್ ತಣ್ಣಗಿರುತ್ತದೆ.

ಕನ್ನಡ ಟೈಪಿಂಗ್ ನನಗೆ ಮುಖ್ಯ, ಬಹಳ ಜನರಿಗೆ ಲಿನಕ್ಸ್ ಅಂದರೆ ಭಯ ಇರೋದೂ ಇಲ್ಲೇ. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್ ಸೇರಿಸುವ ಕಡೆ ಕನ್ನಡ ಕಗಪ ಅಂತ ಇದೆ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಇದು ಅದೇ ರೀತಿಯದ್ದು. ಅಕ್ಷರದ ನಂತರ ಎಫ್ ಒತ್ತಿ ಮುಂದಿನ ಅಕ್ಷರ ಒತ್ತಿದರೆ ಒತ್ತಕ್ಷರ. ಬೇರೆ ಸಾಫ್ಟ್‌ವೇರ್ ಹಾಕುವ ಅಗತ್ಯವೇ ಇಲ್ಲ. ಇನ್‌ಸ್ಕ್ರಿಪ್ಟ್ ಅಭ್ಯಾಸ ಇದ್ದವರಿಗೆ ಅದೂ ಇದೆ, ಇಂಗ್ಲಿಷ್‌ನಲ್ಲಿ ಹೊಡೆದು ಕನ್ನಡ ಬರಬೇಕು ಅನ್ನುವವರು ಐಬಸ್ ಹಾಕಿಕೊಳ್ಳಬಹುದು. ಫಾಂಟ್‌ಗೆ ನೋಟೊ, ಲೋಹಿತ್, ಗುಬ್ಬಿ, ನವಿಲು ಇವೆ. ನನಗೆ ಗುಬ್ಬಿ ಇಷ್ಟ.

ತೊಡಕು ಬರೋದು ಹಳೆ ಫೈಲ್‌ಗಳಲ್ಲಿ. ಸಂಘದ ನಡಾವಳಿ, ಲೈನ್‌ಮನೆ (ಕಾರ್ಮಿಕರ ಮನೆ) ರಿಪೇರಿ ಕರಾರು, ಐನ್‌ಮನೆ (ಕುಟುಂಬದ ಮೂಲಮನೆ) ಲೆಕ್ಕ, ಹೀಗೆ ವರ್ಷಗಟ್ಟಲೆ ನುಡಿ ಫಾಂಟಿನಲ್ಲಿ ಹೊಡೆದಿಟ್ಟ ವರ್ಡ್ ಫೈಲ್‌ಗಳು ಎಲ್ಲರ ಹತ್ತಿರ ಇರುತ್ತವೆ. ಅವು ಎಲ್ಲ ಮೆಷಿನ್‌ನಲ್ಲೂ ಒಂದೇ ತರ ಕಾಣುವ ಯೂನಿಕೋಡ್ ಅಲ್ಲ, ಆಸ್ಕಿ ಅನ್ನುವ ಹಳೆ ಪದ್ಧತಿ. ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಫೈಲ್ ಹಾಳಾಗಿದೆ ಅಂತ ಹೆದರಬೇಡಿ. ಆ ನುಡಿ ಫಾಂಟನ್ನೇ ಲಿನಕ್ಸ್‌ಗೆ ಕಾಪಿ ಮಾಡಿಕೊಂಡರೆ ಓದಬಹುದು. ತಿದ್ದಬೇಕು ಅಂದರೆ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಅಂಕಿ, ಟೇಬಲ್ ಇರುವ ಜಾಗ ಒಮ್ಮೆ ಕಣ್ಣಾಡಿಸಿ. ಈ ಸಮಸ್ಯೆ ಲಿನಕ್ಸ್‌ನದ್ದಲ್ಲ, ವಿಂಡೋಸ್‌ನಲ್ಲಿ ನುಡಿ ಇಲ್ಲದ ಮೆಷಿನ್‌ನಲ್ಲಿ ತೆರೆದರೂ ಇದೇ ಗೋಜಲು. ಬೈಯೋದು ಮಾತ್ರ ಲಿನಕ್ಸ್‌ಗೆ.

ಲೆಕ್ಕಕ್ಕೆ ಲಿಬ್ರೆ ಆಫೀಸ್ ಕ್ಯಾಲ್ಕ್ ಧಾರಾಳ ಸಾಕು. ನಮ್ಮ ರೈಟರ್ (ತೋಟದ ಗುಮಾಸ್ತರು) ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ, ಇನ್ನೂ ಪುಸ್ತಕದಲ್ಲೇ ಬರೆಯುತ್ತಾರೆ, ವಾರದ ಬಟವಾಡೆ ನಾನು ಶೀಟ್‌ನಲ್ಲಿ ತೆಗೆಯುತ್ತೇನೆ. ಔಟ್‌ಟರ್ನ್ (ಒಣ ಕಾಫಿ ಹಣ್ಣಿನಿಂದ ಎಷ್ಟು ಬೇಳೆ ಬರುತ್ತದೆ ಅನ್ನೋ ಲೆಕ್ಕ) ಹಾಕಿದರೆ ಮೂಟೆಗೆ ಎಷ್ಟು ಅಂತ ಬರುವ ಹಾಗೆ ಒಂದು ಫಾರ್ಮುಲಾ ಮಾಡಿಟ್ಟಿದ್ದೇನೆ. ಚೆರಿ ವ್ಯಾಪಾರಿ ಕ್ಯಾಲ್ಕುಲೇಟರ್ ತೆಗೆಯುವ ಮೊದಲೇ ನಮಗೆ ಉತ್ತರ ಗೊತ್ತಿರುತ್ತದೆ. ತುಂಬಾ ಖುಷಿ ಕೊಟ್ಟಿದ್ದು ಮಳೆ ಲೆಕ್ಕ. ಮನೆಯಲ್ಲಿ ಅಜ್ಜನ ಕಾಲದ ಮಳೆ ಪುಸ್ತಕಗಳಿವೆ, ಎಲ್ಲ ಇಂಚು ಮತ್ತು ಸೆಂಟಿನಲ್ಲಿ (ನೂರು ಸೆಂಟ್ ಅಂದರೆ ಒಂದು ಇಂಚು). ಟಿವಿಯವರು ಮಿಲಿಮೀಟರ್‌ನಲ್ಲಿ ಹೇಳಿದರೆ ಇಲ್ಲಿ ಯಾರಿಗೂ ತಲೆಗೆ ಹೋಗಲ್ಲ, "ಎಷ್ಟು ಸೆಂಟ್ ಬಂತು" ಅಂತಲೇ ಕೇಳೋದು. ಅದನ್ನೆಲ್ಲ ಒಂದೊಂದೇ ತಿಂಗಳು ಟೈಪ್ ಮಾಡಿ, ಪಕ್ಕದ ಕಾಲಂನಲ್ಲಿ 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿದ್ದೇನೆ. ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ಪುಟಕ್ಕೆ ಬಂದಾಗ ಸ್ವಲ್ಪ ಹೊತ್ತು ಟೈಪ್ ಮಾಡೋಕೆ ಆಗಲಿಲ್ಲ, ಅದು ಬೇರೆ ವಿಷಯ.

ಪ್ರಿಂಟರ್: ಎಚ್‌ಪಿ ಲೇಸರ್‌ಜೆಟ್ 1020 ಎಷ್ಟೋ ಆಫೀಸಿನಲ್ಲಿ, ಮನೆಯಲ್ಲಿ ಇದೆ. ಲಿನಕ್ಸ್‌ನಲ್ಲಿ ಓಡುತ್ತದೆ, ಆದರೆ ಎಚ್‌ಪಿಲಿಪ್ ಅನ್ನುವ ಪ್ರಿಂಟರ್ ಸಾಫ್ಟ್‌ವೇರ್ ಜೊತೆಗೆ ಅದರ ಪ್ಲಗಿನ್ ಕೂಡ ಡೌನ್‌ಲೋಡ್ ಮಾಡಬೇಕು. ನೆಟ್ ಇರುವ ದಿನವೇ ಮಾಡಿಟ್ಟುಕೊಳ್ಳಿ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಮಾತ್ರ ಲಿನಕ್ಸ್‌ಗೆ ಬರುವ ಮುಂಚೆ ಎರಡು ಸಲ ಯೋಚಿಸಿ, ಅದರ ರಗಳೆ ಯಾರಿಗೂ ಬೇಡ. ನಮ್ಮ ಚಿಕ್ಕಪ್ಪ ಟ್ಯಾಲಿ ಬಿಡಲ್ಲ. "ನಿನ್ನ ಪೆಂಗ್ವಿನ್ ನಿನಗಿರಲಿ ಮಾರಾಯ, ಆಡಿಟರ್ ಕೇಳೋದು ಟ್ಯಾಲಿ ಫೈಲ್" ಅಂತಾರೆ, ಪೆಂಗ್ವಿನ್ ಅಂದರೆ ಲಿನಕ್ಸ್‌ನ ಲಾಂಛನ. ಅವರದ್ದು ಸರಿ. ಅವರಿಗೆ ನಾನೇ ಎಂಟನೇ ತಲೆಮಾರಿನ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ತೆಗೆಸಿಕೊಟ್ಟೆ, ವಿಂಡೋಸ್ 11 ಹಾಕಿ.

ಬೇರೆ ಸಿಸ್ಟಂಗಳನ್ನೂ ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿದ್ದೇನೆ, ಮಳೆಗಾಲದಲ್ಲಿ ಇನ್ನೇನು ಕೆಲಸ. ಡೆಬಿಯನ್ ಗಟ್ಟಿ, ಮಿಂಟ್‌ಗಿಂತ ಒಂದು ಕೈ ಹಗುರ, ಸ್ವಲ್ಪ ಗೊತ್ತಿದ್ದವರಿಗೆ ಅದೇ ಸರಿ. ಆದರೆ ಎಕ್ಸ್220ಕ್ಕಿಂತಲೂ ಹಳೆಯ 32 ಬಿಟ್ ಮೆಷಿನ್ ಇದ್ದವರು ಗಮನಿಸಿ, 2025ರಲ್ಲಿ ಬಂದ ಡೆಬಿಯನ್ 13ರಿಂದ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಹೈಕು ಅಂತ ಒಂದಿದೆ. ಬಿಓಎಸ್ ಅನ್ನುವ ತೊಂಬತ್ತರ ದಶಕದ ಸಿಸ್ಟಂ ಸತ್ತ ಮೇಲೆ ಅದನ್ನು ಉಳಿಸಲು 2001ರಿಂದ ಕೆಲವರು ಬರೆಯುತ್ತಲೇ ಇದ್ದಾರೆ, ಐದನೇ ಬೀಟಾ 2024ರಲ್ಲಿ ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ಶುರುವಾಗುತ್ತದೆ, ಹಳದಿ ಟ್ಯಾಬ್‌ನ ಕಿಟಕಿಗಳು ಮುದ್ದಾಗಿವೆ. ಒಂದು ಭಾನುವಾರ ಆಡೋಕೆ ಚೆಂದ. ಬಟವಾಡೆ ಲೆಕ್ಕ ಅದರಲ್ಲಿ ಇಡೋ ಧೈರ್ಯ ನನಗಿಲ್ಲ.

ಕೈಯಲ್ಲಿ ಹಿಡಿಯುವ ಹಳೆ ಸಾಧನಗಳ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಉದಾರ ಅಲ್ಲ. ನೋಕಿಯಾ ಎನ್900 ಇದೆ ನನ್ನ ಹತ್ತಿರ, 2009ರದ್ದು. ಜಾರಿಸಿದರೆ ಕೀಬೋರ್ಡ್, ಒಳಗೆ ಮೀಮೊ ಅನ್ನುವ ಲಿನಕ್ಸ್, 32 ಜಿಬಿ ಜಾಗ. ಇಷ್ಟು ಸೊಗಸಾದ ಸಾಮಾನು ಆಮೇಲೆ ಬರಲೇ ಇಲ್ಲ. ಆದರೆ ಅದರಲ್ಲಿ 4ಜಿ ಇಲ್ಲ, ವಾಟ್ಸಾಪ್ ಇಲ್ಲ, ಯುಪಿಐ ಇಲ್ಲ. ಲ್ಯಾಪ್‌ಟಾಪ್ ಹಳೆಯದಾದರೂ ಬ್ರೌಸರ್ ಹೊಸದು ಹಾಕಬಹುದು, ಫೋನ್ ಹಾಗಲ್ಲ, ನೆಟ್‌ವರ್ಕ್ ಮತ್ತು ಆ್ಯಪ್ ಎರಡೂ ಸೇರಿ ಅದನ್ನು ಸಾಯಿಸುತ್ತವೆ. ಹಳೆ ಆಂಡ್ರಾಯ್ಡ್‌ಗೆ ಲೀನಿಯೇಜ್ ಓಎಸ್ ಹಾಕಿ ಎರಡು ಮೂರು ವರ್ಷ ಜೀವ ಕೊಡಬಹುದು, ಕೆಲವು ಬ್ಯಾಂಕ್ ಆ್ಯಪ್‌ಗಳು ತಕರಾರು ಮಾಡುತ್ತವೆ. ತೋಟದಲ್ಲಿ ಹಾಡು ಕೇಳೋಕೆ, ಫೋಟೋ ತೆಗೆಯೋಕೆ ಸಾಕು. ಹೊಸ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಲಿನಕ್ಸ್ ಓಡುವ ಕೈಗಂಪ್ಯೂಟರ್ ಬೆಂಗಳೂರಿನಲ್ಲೇ ಆಗಿತ್ತು. ಸಿಂಪ್ಯೂಟರ್ ಅಂತ. ಐಐಎಸ್‌ಸಿಯ ಪ್ರೊಫೆಸರ್‌ಗಳು ಸೇರಿ ಯೋಚಿಸಿದ್ದು, 2004ರಲ್ಲಿ ಅಮಿಡಾ ಅನ್ನುವ ಹೆಸರಲ್ಲಿ ಬಿಇಎಲ್ ತಯಾರಿಸಿ ಮಾರಾಟಕ್ಕೂ ಬಂತು. ಹಳ್ಳಿಯವರಿಗೆ, ಓದು ಬಾರದವರಿಗೆ ಅಂತ ಮಾಡಿದ್ದು, ಹಳ್ಳಿಗೆ ಬರುವಷ್ಟರಲ್ಲಿ ಮೊಬೈಲ್ ಬಂದುಬಿಟ್ಟಿತ್ತು. ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಹೇಳಿ, ನೋಡೋ ಆಸೆ ಇದೆ.

ಎಕ್ಸ್220 ತಗೊಳ್ಳೋಕೆ ಹೋಗುವವರಿಗೆ: ಅಂಗಡಿಯಲ್ಲೇ ಆನ್ ಮಾಡಿಸಿ. ಬಯೋಸ್‌ಗೆ (ವಿಂಡೋಸ್, ಲಿನಕ್ಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟಕ್ಕೆ) ಹೋಗಿ ಪಾಸ್‌ವರ್ಡ್ ಇಲ್ಲ ಅಂತ ನೋಡಿ, ಸೂಪರ್‌ವೈಸರ್ ಪಾಸ್‌ವರ್ಡ್ ಇದ್ದರೆ ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ. ಮಿಂಟ್‌ನ ಪೆನ್‌ಡ್ರೈವ್ ಜೇಬಲ್ಲಿಟ್ಟುಕೊಂಡು ಹೋಗಿ, ಅಲ್ಲೇ ಹಾಕಿ ವೈಫೈ, ಕ್ಯಾಮೆರಾ, ಎಲ್ಲ ಯುಎಸ್‌ಬಿ ತೂತು, ಎಲ್ಲ ಕೀ ಪರೀಕ್ಷೆ ಮಾಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಪಕ್ಕದ ಅಂಗಡಿ. ವೈಫೈ ಕಾರ್ಡ್ ಆಮೇಲೆ ಬದಲಿಸಿಕೊಳ್ಳೋಣ ಅನ್ನೋ ಲೆಕ್ಕ ಬೇಡ, ಬಯೋಸ್‌ನಲ್ಲಿ ಒಪ್ಪಿಗೆ ಇರುವ ಕಾರ್ಡ್‌ಗಳನ್ನು ಬಿಟ್ಟು ಬೇರೆ ಹಾಕಿದರೆ ಮೆಷಿನ್ ಶುರುವೇ ಆಗಲ್ಲ. ಹಿಂಜ್ ಸಡಿಲ ಇದ್ದರೆ ಐನೂರು ಕಮ್ಮಿ ಕೇಳಿ. ಬ್ಯಾಟರಿ ಅವರ ಹತ್ತಿರ ತಗೊಳ್ಳಬೇಡಿ, ಇದ್ದ ಹಳೆಯದರಲ್ಲೇ ಊರಿಗೆ ತಂದು ಆಮೇಲೆ ವಿಚಾರಿಸಿ ಬೇರೆ ಹಾಕಿಸಿ. ಮತ್ತೆ ಚಾರ್ಜರ್ ಪಿನ್ ಗುಂಡಾಗಿರಬೇಕು, ಚೌಕದ್ದು ಆಮೇಲಿನ ಮಾಡೆಲ್‌ಗಳದ್ದು, ಗಡಿಬಿಡಿಯಲ್ಲಿ ಅದನ್ನೇ ಬ್ಯಾಗಿಗೆ ಹಾಕಿ ಕೊಡೋರು ಇದ್ದಾರೆ.